ಹಿಂದೆ ಕಟ್ಟಿಕೊಂಡ ಕಾರು

ಅಮೆರಿಕದ ಹರ್ನ್‌ಡನ್‌ನ ಟೌನ್‌ಹೌಸ್ ಮಾರಿ ನಾವಿಬ್ಬರೂ ಆರ್‌ವಿ ಹತ್ತಿದಾಗ ಗೆಳೆಯರೆಲ್ಲ ನನಗೆ ತಲೆ ಕೆಟ್ಟಿದೆ ಎಂದರು. ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇದ್ದ ಬಸ್ಸು ಅದು. ಹೆಂಡತಿಯ ಎರಡೂ ಕಿಡ್ನಿ ಕೆಟ್ಟಿದ್ದವು. ಮಂಗಳವಾರ, ಗುರುವಾರ, ಶನಿವಾರ ತಪ್ಪದೆ ಸೆಂಟರಿನ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತು ಡಯಾಲಿಸಿಸ್. “ಆ ಕುರ್ಚಿ ಬಿಟ್ಟು ಬೇರೆ ಏನಾದ್ರೂ ನೋಡ್ಬೇಕು ರೀ” ಎಂದವಳು ಅವಳೇ. ಮುಂದಿನ ಊರಿನ ಸೆಂಟರಿಗೆ ಮೊದಲೇ ಫೋನ್ ಮಾಡಿ ಕುರ್ಚಿ ಹಿಡಿಯುತ್ತಿದ್ದೆ. ಆಮೇಲೆ ಹೊರಡುತ್ತಿದ್ದೆವು.

ಕ್ಯಾಂಪ್‌ಗ್ರೌಂಡ್‌ನಲ್ಲಿ ನೀರು, ಕರೆಂಟು ಜೋಡಿಸಿ ನಿಲ್ಲಿಸಿದ ಬಸ್ಸನ್ನು ವಾರಕ್ಕೆ ಮೂರು ಸಲ ಕದಲಿಸುವುದು ಆಗದ ಮಾತು. ಅದಕ್ಕೇ ಎರಡನೆಯ ಗಾಡಿಯಾಗಿ ಒಂದು ಹಳೆಯ ಪುಟ್ಟ ಕಾರು. ಕೈಯಲ್ಲಿ ಗೇರ್ ಹಾಕುವಂಥದ್ದನ್ನೇ ಹುಡುಕಿ ತಂದಿದ್ದೆ. ನ್ಯೂಟ್ರಲ್‌ನಲ್ಲಿಟ್ಟು ಬಸ್ಸಿನ ಹಿಂದೆ ಕಟ್ಟಿದರೆ ನಾಲ್ಕು ಚಕ್ರದ ಮೇಲೆ ಉರುಳಿಕೊಂಡು ಬರುತ್ತಿತ್ತು. ಗೇರಿನಲ್ಲಿ ಬಿಟ್ಟು ಎಳೆದರೆ ಮಾತ್ರ ಎಂಜಿನ್ ಉಳಿಯುವುದಿಲ್ಲ. ಅವಳ ಜೀವ ಆ ಕಾರಿನಲ್ಲಿತ್ತು ಎಂದರೆ ಹೆಚ್ಚಿನ ಮಾತಲ್ಲ.

ಹೊರಡುವ ಮುಂಚೆ ಮಾಡುವ ಕೆಲಸಗಳನ್ನೆಲ್ಲ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅವಳು ಓದುತ್ತಿದ್ದಳು, ನಾನು ಮಾಡುತ್ತಿದ್ದೆ. ಕೊಂಡಿ, ಸರಪಳಿ, ಹ್ಯಾಂಡ್‌ಬ್ರೇಕ್, ನ್ಯೂಟ್ರಲ್. ನಾನು ಮುಂಗೋಪಿ. ಅವಳು ನಿಧಾನ. ಅವಳ ಆ ರಾಗಕ್ಕೆ ನನಗೆ ಮೈ ಉರಿಯುತ್ತಿತ್ತು.

ಆ ಶನಿವಾರ ಆಯುಧಪೂಜೆ. ಸೌತ್ ಕೆರೊಲೈನಾದಿಂದ ಹೊರಟು ಮಧ್ಯಾಹ್ನದೊಳಗೆ ಅಟ್ಲಾಂಟಾದ ಸೆಂಟರ್ ಸೇರಬೇಕಿತ್ತು. ಪಟ್ಟಿ ಮುಗಿಸಿ ಕಾರು ಕಟ್ಟಿಯಾಗಿತ್ತು. ಆಗ ಅವಳು ಕುಂಕುಮದ ಬಟ್ಟಲು, ನಿಂಬೆಹಣ್ಣು ಹಿಡಿದು ಇಳಿದಳು. ಬಸ್ಸಿಗೆ ಪೂಜೆ ಮಾಡಿ ಕಾರಿನ ಮುಂದಿನ ಎರಡು ಚಕ್ರದಡಿಗೂ ಒಂದೊಂದು ಹಣ್ಣಿಟ್ಟಳು.

“ಕಾರು ತಾನಾಗೇ ಹತ್ತಬೇಕು ರೀ. ಎಳೆಸ್ಕೊಂಡು ಹೋದ್ರೆ ಲೆಕ್ಕಕ್ಕಿಲ್ಲ.”

“ಲೇಟಾಗ್ತಿದೆ ಕಣೇ! ನಿನ್ನ ಪೂಜೆ ಮನೆ ಹಾಳಾಗ!”

ಆದರೂ ಬಿಚ್ಚಿದೆ. ಕಾರನ್ನು ಸ್ಟಾರ್ಟ್ ಮಾಡಿ, ಫಸ್ಟ್ ಗೇರಿನಲ್ಲಿ ನಿಂಬೆಹಣ್ಣು ಹತ್ತಿಸಿ, ಹಾಗೇ ಆಫ್ ಮಾಡಿದೆ. ಗೇರಿನಲ್ಲೇ ಗಾಡಿ ನಿಲ್ಲಿಸುವುದು ಬೆಂಗಳೂರಿನಲ್ಲಿ ಕಲಿತ ಚಾಳಿ. ಮತ್ತೆ ಕೊಂಡಿ ಸಿಕ್ಕಿಸಿದೆ. ಅವಳು ನೋಟ್‌ಬುಕ್ ತೆರೆದಳು.

“ಆಗ್ಲೇ ಓದಿಯಾಯ್ತಲ್ಲ, ಹತ್ತು” ಎಂದೆ.

ಗಂಟೆಯೊಳಗೆ ಹಿಂದಿನಿಂದ ಒಂದೇ ಸಮನೆ ಹಾರ್ನ್ ಕೇಳಿಸಿತು. ನಿಲ್ಲಿಸಿ ಇಳಿದು ನೋಡಿದರೆ ಕಾರಿನ ಮೂತಿಯಿಂದ ಹೊಗೆ, ರಸ್ತೆಯುದ್ದಕ್ಕೂ ಎಣ್ಣೆ. ಒಳಗೆ ಬಗ್ಗಿ ಗೇರ್ ನೋಡಿದೆ. ಅವಳು ಇಳಿದು ಬರುವಷ್ಟರಲ್ಲಿ ಅದನ್ನು ನ್ಯೂಟ್ರಲ್‌ಗೆ ತಂದಿದ್ದೆ.

“ಹಳೇ ಎಂಜಿನ್, ಹೋಯ್ತು” ಎಂದೆ.

ಅವಳು ಬಗ್ಗಿ ಎಡಗಡೆಯ ಚಕ್ರ ನೋಡಿದಳು. “ಎಡಗಡೆ ನಿಂಬೆಹಣ್ಣು ಪಕ್ಕಕ್ಕೆ ಜಾರಿತ್ತು ರೀ, ಒಡೀಲಿಲ್ಲ. ನಾನು ಹೇಳ್ಲಿಲ್ಲ. ನಂದೇ ತಪ್ಪು.”

ಅವಳ ಪೂಜೆ ಪುನಸ್ಕಾರವನ್ನು ಮೂವತ್ತು ವರ್ಷ ಗೇಲಿ ಮಾಡಿದವನು ನಾನು. “ಹೂಂ, ಅದೇ ಇರ್ಬೇಕು” ಎಂದೆ.

ಕಾರನ್ನು ಅಲ್ಲೇ ಬಿಟ್ಟು ಹೋಗೋಣವೆಂದರೆ ಕೊಂಡಿಯ ಪಿನ್ನು ಬಿಗಿದುಕೊಂಡು ಬಿಚ್ಚಲಾಗಲಿಲ್ಲ. ಎಳೆದೊಯ್ಯುವ ಲಾರಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅವಳನ್ನು ಒಂದು ಕ್ಯಾಬ್ ಹತ್ತಿಸಿ ಕಳಿಸಬಹುದಿತ್ತು. ನನಗೆ ಹೊಳೆಯಲಿಲ್ಲ, ನನ್ನ ತಲೆ ತುಂಬ ಆ ಗೇರೇ ಇತ್ತು. ಸೆಂಟರಿನವರು ಇನ್ನು ಮಂಗಳವಾರವೇ ಎಂದರು. “ಒಂದ್ಸಲ ತಾನೇ, ನೀರು ಕಮ್ಮಿ ಕುಡೀತೀನಿ” ಎಂದಳು.

ಸೋಮವಾರ ಬೆಳಿಗ್ಗೆ ಅವಳಿಗೆ ಮಲಗಲಾಗಲಿಲ್ಲ, ಕೂತರೂ ಉಸಿರು ಸಿಗಲಿಲ್ಲ. ಆಂಬುಲೆನ್ಸ್ ಬಂತು. ಶ್ವಾಸಕೋಶದಲ್ಲಿ ನೀರು ತುಂಬಿ ಹೃದಯಕ್ಕೆ ಪೆಟ್ಟಾಗಿದೆ ಎಂದರು ಆಸ್ಪತ್ರೆಯ ಡಾಕ್ಟರು. ಹತ್ತು ದಿನದ ಮೇಲೆ ಬಸ್ಸಿಗೆ ವಾಪಸ್ ಬಂದಳು, ಎರಡು ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿದು. ಬಾಡಿಗೆ ಕಾರಿನಲ್ಲಿ ಸೆಂಟರಿಗೆ ಹೋಗುವಾಗೆಲ್ಲ ಇವತ್ತು ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ. ನಾನು ಹೇಡಿ. ಹೇಳಲಿಲ್ಲ. ಡಿಸೆಂಬರಿನಲ್ಲಿ ಅವಳು ಆ ಕುರ್ಚಿಯಲ್ಲೇ ಹೋದಳು.

ಬಸ್ಸು ಮಾರುವ ಮೊದಲು ಡ್ರಾಯರು ಖಾಲಿ ಮಾಡುವಾಗ ಆ ನೋಟ್‌ಬುಕ್ ಸಿಕ್ಕಿತು. ಕೊಂಡಿ, ಸರಪಳಿ, ಹ್ಯಾಂಡ್‌ಬ್ರೇಕ್, ನ್ಯೂಟ್ರಲ್. ಅವುಗಳ ಕೆಳಗೆ, ಆಸ್ಪತ್ರೆಯಿಂದ ಬಂದ ಮೇಲಿನ ಅವಳ ನಡುಗುವ ಅಕ್ಷರದಲ್ಲಿ ಹೊಸದೊಂದು ಸಾಲು ಇತ್ತು.

ಪೂಜೆ ಆದ ಮೇಲೆ ಇನ್ನೊಂದು ಸಲ ನ್ಯೂಟ್ರಲ್ ನೋಡುವುದು. ಇವರು ರೇಗಿದರೂ ಓದುವುದು.