ಮೋರಿಯ ಕೆಳಗಿನ ವೀರ

ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿಕೊಂಡು ಪ್ರವಾಸಿಗರಿಗೆ ಕಾಯುವವರಲ್ಲಿ ದಯಾನಂದನಷ್ಟು ಮಾತುಗಾರ ಇನ್ನೊಬ್ಬನಿಲ್ಲ. ಜನ ಜೀಪು ಹತ್ತಿದ ಗಳಿಗೆಯಿಂದ ಇಳಿಯುವ ತನಕ ಅವನ ಬಾಯಿಗೆ ಬಿಡುವಿಲ್ಲ. ಬಾಳೂರಿನ ಮೇಲಿನ ಕೋಟೆಗುಡ್ಡದಲ್ಲಿ ಈಗ ಉಳಿದಿರುವುದು ಎದೆಮಟ್ಟದ ಎರಡು ಗೋಡೆ, ಕುಸಿದ ಒಂದು ಬುರುಜು, ಪಾಚಿಗಟ್ಟಿದ ಒಂದು ಹೊಂಡ. ಅಷ್ಟರಲ್ಲೇ ಅವನು ಆನೆಲಾಯ, ಮದ್ದಿನ ಮನೆ, ರಾಣಿ ಸ್ನಾನ ಮಾಡುತ್ತಿದ್ದ ಕೊಳ ಎಲ್ಲವನ್ನೂ ತೋರಿಸಿಬಿಡುತ್ತಾನೆ. ಯಾವ ರಾಣಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದರೆ ಹೇಳಲು ಅವನ ಹತ್ತಿರ ಮೂರು ಹೆಸರು ತಯಾರಿವೆ.

ಇಂಥವನು ದಾರಿಯಲ್ಲಿ ಒಂದು ಕಡೆ ಮಾತ್ರ ಸುಮ್ಮನಾಗುತ್ತಿದ್ದ. ಗುಡ್ಡದ ಬುಡದಲ್ಲಿ ಲಿಂಗಪ್ಪನವರ ಎಸ್ಟೇಟಿನ ಬೇಲಿ ಮುಗಿಯುವಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಸಣ್ಣ ಮೋರಿಯಿದೆ. ಅದರ ಮೇಲೆ ಹಾಸಿದ್ದ ಚಪ್ಪಡಿ ಒಂದು ವೀರಗಲ್ಲು. ಅದನ್ನು ಮಗುಚಿ ಹಾಸಿದವನು ದಯಾನಂದನೇ. ಹನ್ನೊಂದು ವರ್ಷ ಈ ಸಂಗತಿ ಅವನಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಆ ವರ್ಷದ ಆಷಾಢದಲ್ಲಿ ಮೋರಿ ಕಿತ್ತುಕೊಂಡು ಹೋಗಿತ್ತು. ಮರುದಿನ ಶನಿವಾರ. ನಾಲ್ಕು ಗುಂಪಿನವರು ಜೀಪು ಹೇಳಿದ್ದರು, ಸಾಲದಲ್ಲಿ ಕೊಂಡ ಜೀಪು ಬೇರೆ ಹೊಸದು. ಸುತ್ತ ಹುಡುಕಿದಾಗ ಐವತ್ತು ಹೆಜ್ಜೆ ಮೇಲೆ, ಪೊದೆಯ ನಡುವೆ, ವೀರಗಲ್ಲು ಒರಗಿಕೊಂಡಿತ್ತು. ಅದು ಏನೆಂದು ಅವನಿಗೆ ಗೊತ್ತಿಲ್ಲದೆ ಏನಲ್ಲ, ಚೆನ್ನಾಗಿಯೇ ಗೊತ್ತಿತ್ತು. ಆದರೂ ಹಗ್ಗ ಕಟ್ಟಿ ಜೀಪಿನಿಂದ ಎಳೆದು ತಂದ. ಕೆತ್ತನೆಯ ಮುಖ ಏರುಪೇರು, ಬೆನ್ನು ನುಣುಪು. ಹಾಗಾಗಿ ಮುಖ ಕೆಳಗೆ ಮಾಡಿ ಹಾಸಿ, ಮೇಲೆ ಜಲ್ಲಿ ಮಣ್ಣು ಎಳೆದ. ಮಳೆ ನಿಂತ ಮೇಲೆ ವಾಪಸ್ಸು ನಿಲ್ಲಿಸಿದರಾಯಿತು ಎಂದುಕೊಂಡ. ಮಳೆ ನಿಂತಿತು, ರಸ್ತೆ ಗಟ್ಟಿಯಾಯಿತು, ಅವನಿಗೆ ಪುರಸೊತ್ತಾಗಲಿಲ್ಲ. ನಮ್ಮ ಕಡೆ ಪುರಸೊತ್ತಾಗದೆ ಹಾಳಾದ ಕೆಲಸಗಳನ್ನು ಬರೆದಿಡುತ್ತಾ ಹೋದರೆ ಬೇರೆ ಚರಿತ್ರೆಯೇ ಬೇಕಾಗಿಲ್ಲ.

ಆ ಕಲ್ಲಿಗೆ ಊರಲ್ಲಿ ಒಬ್ಬನೇ ದಿಕ್ಕು, ದಾಸಯ್ಯ. ಅರ್ಧ ಎಕರೆ ಕಾಫಿ, ಅದರಲ್ಲೇ ನಾಲ್ಕು ಮೆಣಸಿನ ಬಳ್ಳಿ ಇಟ್ಟುಕೊಂಡು, ಬಂದವರನ್ನು ಕಾಲುದಾರಿಯಲ್ಲಿ ಕೋಟೆಗೆ ಕರೆದೊಯ್ಯುತ್ತಿದ್ದ ಮನುಷ್ಯ. ವೀರಗಲ್ಲಿನಲ್ಲಿ ಬರಹವಿರಲಿಲ್ಲ. ಸತ್ತ ವೀರನ ಹೆಸರು ದಾಸಯ್ಯನಿಗೆ ಅವನ ಅಜ್ಜಿಯ ಬಾಯಿಂದ ಬಂದದ್ದು, ಅಜ್ಜಿಗೆ ಅವಳ ಮಾವನಿಂದ. ಊರ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ಬಿಡಿಸಿ ತಂದು ಪ್ರಾಣ ಕೊಟ್ಟವನ ಕಥೆಯನ್ನು ಅವನು ಕಲ್ಲಿನ ಮೇಲೆ ಕೈಯಿಟ್ಟು ಹೇಳುತ್ತಿದ್ದ. ಹೆಸರು ಹೇಳುವಾಗ ಒಮ್ಮೆ ತಲೆಯ ವಸ್ತ್ರ ತೆಗೆಯುತ್ತಿದ್ದ. ಬೇರೆ ಯಾರಿಗೂ ಆ ಹೆಸರು ಬಾಯಿಪಾಠವಿರಲಿಲ್ಲ, ದಾಸಯ್ಯ ಇದ್ದಾನಲ್ಲ ಎಂಬ ಧೈರ್ಯ.

ಮಳೆಗಾಲ ಕಳೆದ ಮೇಲೆ ಮೊದಲ ಸಲ, ದೀಪಾವಳಿಗೆ ಎಣ್ಣೆ ತೆಗೆದುಕೊಂಡು ಕಲ್ಲಿನ ಹತ್ತಿರ ಹೋದ ದಾಸಯ್ಯನಿಗೆ ಕಂಡದ್ದು ಖಾಲಿ ಗುಂಡಿ. ಅವನೇ ಕೂಗಿ ಊರು ಸೇರಿಸಿದ. ಅದೇ ಅವನಿಗೆ ಮುಳುವಾಯಿತು. ಹಿಂದಿನ ವಾರ ಕಾರಿನಲ್ಲಿ ಬಂದ ಇಬ್ಬರಿಗೆ, ಕಲ್ಲಿದ್ದ ಜಾಗವನ್ನು ದೂರದಿಂದಲೇ ಕೈಮಾಡಿ ತೋರಿಸಿದವನು ಅವನೇ. ತೋರಿಸಿದವನೇ ಮಾರಿಕೊಂಡಿದ್ದಾನೆ ಎಂದು ಲಿಂಗಪ್ಪನವರು ನಾಲ್ಕು ಜನರ ಎದುರು ಅಂದುಬಿಟ್ಟರು. ಆಣೆ ಮಾಡುತ್ತೇನೆ ಎಂದ ದಾಸಯ್ಯ.

ಚೌಡಿಯ ಬನಕ್ಕೆ ಅವನನ್ನು ಕರೆದುಕೊಂಡು ಹೋದದ್ದು ದಯಾನಂದನ ಜೀಪು. ದಾರಿ ಅದೇ ಮೋರಿಯ ಮೇಲೆ. ಮೋರಿ ಹತ್ತಿರವಾದಾಗ ಹೇಳಿಬಿಡಬೇಕೆಂದು ದಯಾನಂದ ಬಾಯಿ ತೆರೆದದ್ದು ನಿಜ. ಹೊರಬಿದ್ದದ್ದು ಮಾತ್ರ, "ಗಟ್ಟಿ ಹಿಡ್ಕೊಳ್ಳಿ ಅಜ್ಜ, ಕುಲುಕುತ್ತೆ" ಎಂಬ ಮಾತು. ದಾಸಯ್ಯ ಒದ್ದೆ ಬಟ್ಟೆಯಲ್ಲಿ ನಿಂತು, ತಾನು ಮಾರಿದ್ದರೆ ತನ್ನ ಮನೆ ದೀಪ ಆರಲಿ ಎಂದ. ಅಲ್ಲಿಗೆ ನಿಲ್ಲಿಸಲಿಲ್ಲ. ಕಲ್ಲು ಸಿಗುವ ತನಕ ಆ ವೀರನ ಸುದ್ದಿ ತನ್ನ ನಾಲಿಗೆ ಮೇಲೆ ಬರುವುದಿಲ್ಲ ಎಂದೂ ಸೇರಿಸಿದ.

ಆಣೆ ಬಿದ್ದ ಎರಡು ಮನೆಗಳ ನಡುವೆ ಅದನ್ನು ಬಿಡಿಸುವವರೆಗೆ ನೀರು ಕುಡಿಯುವಂತಿಲ್ಲ. ಲಿಂಗಪ್ಪನವರ ಮನೆಯವರು ನಿಲ್ಲಿಸಿದರು. ಅವರ ನೆಂಟರು ನಿಲ್ಲಿಸಿದರು. ಅವರ ಅಂಗಡಿಯಲ್ಲಿ ಸಾಮಾನು ತರುವವರಿಗೂ ದಾಸಯ್ಯನ ಮನೆ ಮೆಟ್ಟಿಲು ಎತ್ತರವಾಯಿತು. ಕೋಟೆ ನೋಡಲು ಬಂದವರನ್ನು ಅವನ ಹತ್ತಿರ ಕಳಿಸುವವರಿಲ್ಲವಾದರು, ಆ ಜನರೆಲ್ಲ ದಯಾನಂದನ ಜೀಪು ಹತ್ತಿದರು. ಅವರಿಗೆ ಖಾಲಿ ಗುಂಡಿ ತೋರಿಸಿ, ಇಲ್ಲೊಂದು ವೀರಗಲ್ಲಿತ್ತು, ಯಾರೋ ಮಾರಿಕೊಂಡರಂತೆ ಎನ್ನುವುದನ್ನು ಅವನು ರೂಢಿ ಮಾಡಿಕೊಂಡ. ಯಾರು ಎಂದು ಹೇಳುತ್ತಿರಲಿಲ್ಲ ಎಂಬುದೊಂದು ಸಮಾಧಾನ. ನಾಚಿಕೆಗೆಟ್ಟ ಸಮಾಧಾನ, ಅದು ಅವನಿಗೂ ಗೊತ್ತಿತ್ತು.

ಆದರೆ ವಾರಕ್ಕೊಮ್ಮೆಯಾದರೂ ದಾಸಯ್ಯನ ಮನೆಗೆ ಹೋಗಿ ಕಾಫಿ ಕುಡಿಯುವುದನ್ನು ಅವನು ತಪ್ಪಿಸಲಿಲ್ಲ. ದಾಸಯ್ಯನ ಹೆಂಡತಿ ತುಂಗಮ್ಮ, ಈ ಊರಲ್ಲಿ ಮನುಷ್ಯ ಅಂತ ಇರುವವನು ನೀನೊಬ್ಬನೇ ಎಂದು ಅವನಿಗೆ ಇನ್ನೊಂದು ಲೋಟ ಬಗ್ಗಿಸುತ್ತಿದ್ದರು. ಅವನು ಅದನ್ನೂ ಕುಡಿದು ಎದ್ದು ಬರುತ್ತಿದ್ದ. ಮೊದಲು ಹೇಳದಿದ್ದದ್ದು ಪೊಲೀಸರ ಹೆದರಿಕೆಗೆ, ಆಮೇಲೆ ಲಿಂಗಪ್ಪನವರ ಹೆದರಿಕೆಗೆ. ಕೊನೆಗೆ ಈ ಲೋಟದ ಹೆದರಿಕೆಗೆ.

ಹೋದ ಕಾರ್ತೀಕದಲ್ಲಿ ಹಾಸನದಿಂದ ಸೌಂದರ್ಯ ಎಂಬ ಕಾಲೇಜಿನ ಮೇಡಂ ಬಂದರು. ಈ ಗುಡ್ಡಗಳ ವೀರಗಲ್ಲುಗಳನ್ನೆಲ್ಲ ಬರೆದಿಡುವ ಕೆಲಸ ಅವರದು. ಅವರ ಗುರುಗಳು ಹಿಂದೆಂದೋ ಮಾಡಿದ ಪಟ್ಟಿಯಲ್ಲಿ ಈ ಕಲ್ಲಿನ ಮುಂದೆ, ಬರಹವಿಲ್ಲ, ಹೆಸರನ್ನು ದಾಸಯ್ಯ ಎಂಬವರು ಬಲ್ಲರು ಎಂದಿತ್ತು. ದಯಾನಂದ ಎಂದಿನಂತೆ ಗುಂಡಿ ತೋರಿಸಿದ. ಕಲ್ಲಿಲ್ಲದಿದ್ದರೆ ಹೋಗಲಿ, ಹೆಸರಾದರೂ ಬೇಕು, ದಾಸಯ್ಯನವರ ಮನೆಗೆ ನಡೆಯಿರಿ ಎಂದರು ಮೇಡಂ.

ದಾಸಯ್ಯನಿಗೆ ಈಗ ಎಪ್ಪತ್ತೇಳು. ಜಗಲಿಯಲ್ಲಿ ಕೂತು ಮೆಣಸು ಆರಿಸುತ್ತಿದ್ದ. ಬಂದ ವಿಷಯ ತಿಳಿದು ಕೈ ಮುಗಿದ.

"ಅದು ನನ್ನ ಬಾಯಲ್ಲಿ ಬರ್ಲಿಕ್ಕಿಲ್ಲ ಮೇಡಂ. ಕಲ್ಲು ಸಿಗೋ ತನಕ ಆಣೆ ಉಂಟು."

ಹಾಗಾದರೆ ಕದ್ದದ್ದು ಯಾರು ಎಂದು ಅವರು ಕೇಳಿದರು. ದಾಸಯ್ಯ ನಕ್ಕ.

"ನಾನೇ ಅಂತಾರೆ. ಹಾಗೆ ಅನ್ನದೇ ಇರೋನು ಇವನೊಬ್ಬ." ಎಂದು ದಯಾನಂದನ ಭುಜದ ಮೇಲೆ ಕೈಯಿಟ್ಟ.

ಆ ಕೈ ಸಹಿಸಲಾಗಲಿಲ್ಲ. ಹನ್ನೊಂದು ವರ್ಷ ನುಂಗಿದ್ದು ಒಮ್ಮೆಗೇ ಮೇಲೆ ಬಂತು.

"ಕದ್ದದ್ದಲ್ಲ ಅಜ್ಜ. ಮೋರಿಗೆ ಹಾಸಿದ್ದು. ನಾನೇ."

ತುಂಗಮ್ಮ ಅವನಿಗೆ ಬಾಯಿಗೆ ಬಂದಂತೆ ಬೈದರು. ಅವನ ಮನೆ, ಮಕ್ಕಳು, ಜೀಪು ಯಾವುದನ್ನೂ ಬಿಡಲಿಲ್ಲ. ಬೈಗುಳ ಅವನಿಗೆ ಹಿತವಾಗಿಯೇ ಇತ್ತು, ಇನ್ನಷ್ಟು ಬೈಯಲಿ ಎನ್ನಿಸಿತು. ದಾಸಯ್ಯ ಮಾತ್ರ ಎದ್ದು, ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ನಡೆದ.

ಸುದ್ದಿ ತಿಳಿದು ಲಿಂಗಪ್ಪನವರೇ ಆರು ಆಳುಗಳನ್ನು ಕರೆದುಕೊಂಡು ಮೋರಿಯ ಹತ್ತಿರ ಬಂದರು. ದಯಾನಂದ ಕೈ ಹಾಕಲು ಹೋದಾಗ ಯಾರೂ ಜಾಗ ಬಿಡಲಿಲ್ಲ. ಕಲ್ಲನ್ನು ಎತ್ತಿ ನಿಲ್ಲಿಸಿ ನೀರು ಹೊಯ್ದರು. ಕೆಸರು ಇಳಿದಂತೆ ಕೆಳಗಿನ ಸಾಲಿನಲ್ಲಿ ಕತ್ತಿ ಎತ್ತಿದ ವೀರ, ದನಗಳು, ಒಂದು ನಾಯಿ. ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ. ಒಂದು ಮೂಗೂ ಮುಕ್ಕಾಗಿರಲಿಲ್ಲ. ಲಿಂಗಪ್ಪನವರು ತಪ್ಪಾಯಿತು ಎಂದು ದಾಸಯ್ಯನ ಎರಡೂ ಕೈ ಹಿಡಿದುಕೊಂಡರು. ಅಲ್ಲಿಂದ ಎಲ್ಲರೂ ಚೌಡಿಯ ಬನಕ್ಕೆ ಹೋಗಿ ಕಾಯಿ ಒಡೆದು ಆಣೆ ಬಿಡಿಸಿದರು. ವಾಪಸ್ಸು ಬಂದು ತುಂಗಮ್ಮ ತಂದ ನೀರನ್ನು ಲಿಂಗಪ್ಪನವರು ಎಲ್ಲರ ಎದುರಿಗೇ ಕುಡಿದರು. ದಯಾನಂದನ ಎದೆ ಸ್ವಲ್ಪ ಹಗುರಾಯಿತು. ಕಲ್ಲು ಉಳಿಯಿತು, ಅಜ್ಜನ ಮಾನ ಉಳಿಯಿತು, ತನಗೆ ಬೈಗುಳದಲ್ಲೇ ಮುಗಿಯಿತು ಎಂದುಕೊಂಡ.

ಮೇಡಂ ಪುಸ್ತಕ ಬಿಡಿಸಿ, ಈಗ ಹೇಳಿ ಎಂದರು.

ದಾಸಯ್ಯ ಕಲ್ಲಿನ ಮೇಲೆ ಕೈಯಿಟ್ಟ. ತಲೆಯ ವಸ್ತ್ರ ತೆಗೆದ. ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ, ಹೊಳೆಯಾಚೆಯವರು ದನ ಹೊಡೆದುಕೊಂಡು ಹೋದದ್ದು, ಅಂದು ಇವನ ಮದುವೆಯಾಗಿ ಒಂಬತ್ತನೇ ದಿನವಾಗಿದ್ದದ್ದು, ಬಾಣ ಕುತ್ತಿಗೆಗೆ ನಾಟಿದ್ದು ಎಲ್ಲ ಹೇಳಿದ. ನಾಯಿಯ ಹೆಸರು ಬೊಗ್ಗ ಎಂದ. ವೀರನ ಹೆಸರಿಗೆ ಬಂದಾಗ ಮತ್ತೆ ನಿಂತ. ಇಲ್ಲೇ ಉಂಟು, ಬರುತ್ತೆ ಎಂದು ನಾಲಿಗೆ ಮುಟ್ಟಿ ತೋರಿಸಿದ. ಎಲ್ಲರೂ ಕಾದರು. ಬರಲಿಲ್ಲ. ಕೊನೆಗೆ ದಯಾನಂದನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡುವವನ ಮುಖ.

"ನೀನು ಎಷ್ಟು ಸಲ ಕೇಳಿದ್ದೆ ಮಾರಾಯ. ಹೇಳು, ಎಂತ ಹೆಸರು ಅವಂದು?"

ದಯಾನಂದ ಹುಡುಕಿದ. ತಾನೇ ಕಟ್ಟಿದ ರಾಜರು, ರಾಣಿಯರು, ಸೇನಾಪತಿಗಳು ಸಾಲಾಗಿ ನೆನಪಿಗೆ ಬಂದರು. ಆ ಕಲ್ಲನ್ನು ಮರೆಯಬೇಕೆಂದು ಹನ್ನೊಂದು ವರ್ಷ ಪಟ್ಟ ಪ್ರಯತ್ನ ಇಷ್ಟು ಚೆನ್ನಾಗಿ ಫಲಿಸಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬೇರೆ ಯಾವುದಾದರೂ ಹೆಸರು ಹೇಳಿದ್ದರೆ ಮೇಡಂ ಬರೆದುಕೊಳ್ಳುತ್ತಿದ್ದರು, ಅಜ್ಜನೂ ನಂಬುತ್ತಿದ್ದನೇನೋ.

"ಗೊತ್ತಿಲ್ಲ ಅಜ್ಜ" ಎಂದ.

ಮೇಡಂ ವೀರನ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಅದರ ಕೆಳಗೆ ನಾಯಿಯ ಹೆಸರು ಬರೆದುಕೊಂಡರು.