ದಿಬ್ಬದ ಹುಲ್ಲು ಕಿತ್ತ ಪುಣ್ಯಾತ್ಮರು

ಮೊನ್ನೆ ಬೆಳಗ್ಗೆ ಇಡ್ಲಿ ಬಾಯಿಗಿಟ್ಟರೆ ಹಲ್ಲಿಗೆ ಮರಳು ಸಿಕ್ಕಿತು. ಸೆಲ್ವಿ ಅಕ್ಕನ ಇಡ್ಲಿಯಲ್ಲಿ ಮರಳು! ಚಾಂಪಿಯನ್ ರೀಫ್ಸಿನ ನಮ್ಮ ಲೈನಿನಲ್ಲಿ, ಅಂದರೆ ಚಿನ್ನದ ಗಣಿಯವರ ಈ ಸಾಲುಮನೆಗಳಲ್ಲಿ, ಹೇಳಿದರೆ ಯಾರಾದರೂ ನಂಬುತ್ತಾರಾ?

ಅಕ್ಕ ನಮ್ಮ ಪಕ್ಕದ ಮನೆಯವರು. ಗಂಡ ಹೋದ ಮೇಲೆ ಮನೆ ಬಾಗಿಲಲ್ಲೇ ಇಡ್ಲಿ ಮಾರಿ ಸಂಸಾರ ನಡೆಸುತ್ತಿದ್ದಾರೆ. ತಟ್ಟೆ ಹಿಡಿದುಕೊಂಡೇ ಹೋಗಿ ಕೇಳಿದೆ. (ಜಗಳಕ್ಕಲ್ಲ. ಆದರೂ ಧ್ವನಿ ಸ್ವಲ್ಪ ಏರಿತ್ತು.) ಅವರು ಹಿಟ್ಟಿನ ಪಾತ್ರೆಗೆ ಮುಚ್ಚಿದ್ದ ಒದ್ದೆ ಬಟ್ಟೆ ತೆಗೆದು ತೋರಿಸಿದರು. ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತ್ತು.

"ನಾನೇನ್ ಮಾಡ್ಲಿ ನನ್ ಕಣ್ಣು? ಮುಚ್ಚಿಟ್ರೂ ಒಳಕ್ಕೆ ಬತ್ತದೆ. ಉಲ್ಲು ಇದ್ದಾಗ ಇಂಗಿತ್ತಾ?"

ಇರಲಿಲ್ಲ. ನಮ್ಮ ಲೈನಿನ ಹಿಂದೆಯೇ ಸೈನೈಡ್ ದಿಬ್ಬ. ಗಣಿಯವರು ಕಲ್ಲು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದುಕೊಂಡು, ಉಳಿದ ಪುಡಿಯನ್ನು ಸುರಿದು ಸುರಿದು ಎದ್ದ ಗುಡ್ಡ. ಆಷಾಢದ ಗಾಳಿಗೆ ಆ ಮರಳು ಮನೆಯೊಳಗೇ ಬರುತ್ತದೆ. ಅದನ್ನು ತಡೆದದ್ದು ಯಾವ ಯೋಜನೆಯೂ ಅಲ್ಲ, ಒಂದು ಒರಟು ಹುಲ್ಲು. ಯಾರೂ ತಂದು ನೆಟ್ಟದ್ದಲ್ಲ, ಈ ನೆಲದ್ದೇ. ಮರಳು ಮೈಮೇಲೆ ಬಿದ್ದಷ್ಟೂ ಅದರೊಳಗಿಂದಲೇ ಮತ್ತೆ ತಲೆ ಎತ್ತುತ್ತದೆ. ಅಲ್ಲಿಗೆ ನಾವು ಆಡು ಬಿಡುವುದಿಲ್ಲ. ಮೊದಲ ಮಳೆ ಬಿದ್ದರೆ ಸಾಕು, ಲೈನಿನ ಹೆಂಗಸರೆಲ್ಲ ಒಣಗಿದ ತೆನೆ ಉಜ್ಜಿ, ಬೋಳು ಜಾಗಕ್ಕೆ ಬೀಜ ಎರಚಿ ಬರುತ್ತೇವೆ.

ಹೋದ ತಿಂಗಳು ಬಂಗಾರಪೇಟೆಯಿಂದ ಒಂದು ಸಂಘದವರು ದಿಬ್ಬದ ಮೇಲೆ ಗಿಡ ನೆಡಲು ಬಂದರು. ಬ್ಯಾನರ್, ಮೈಕು, ಶಾಮಿಯಾನ, ಜೆಸಿಬಿ. ಗಿಡ ನೆಡುವುದಕ್ಕೆ ಜೆಸಿಬಿ ಏಕೆ ಅಂತೀರಾ? ಕಳೆ ಕ್ಲೀನ್ ಮಾಡಲು! ನಾವೆಲ್ಲ ಕೆಲಸ ಮುಗಿಸಿ ಬರುವಷ್ಟರಲ್ಲಿ ಹುಲ್ಲೆಲ್ಲ ಹೋಗಿ ಇಳಿಜಾರು ಬೋಳಾಗಿತ್ತು. ಅನ್ಯಾಯ ನೋಡಿ, ಅವತ್ತು ಅವರ ತಿಂಡಿಗೆ ಇಡ್ಲಿ ಬೇಯಿಸಿಕೊಟ್ಟದ್ದು ಸೆಲ್ವಿ ಅಕ್ಕನೇ.

ಗಿಡಗಳು ಫೋಟೋದಲ್ಲಿ ಚೆನ್ನಾಗಿ ಬಂದವು. ಆಮೇಲೆ ಒಣಗಿದವು. ಈಗ ಗಾಳಿ ಎದ್ದಿದೆ. ಗಿರಾಕಿಗಳು ಆಂಡರ್ಸನ್‌ಪೇಟೆಯ ಹೋಟೆಲುಗಳ ಕಡೆ ತಿರುಗಿದ್ದಾರೆ. ನಿನ್ನೆಯಿಂದ ಅಕ್ಕ ಒಲೆ ಹಚ್ಚಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿದೆ.

ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪಾಪ, ಬಹಳ ಬೇಜಾರು ಮಾಡಿಕೊಂಡರು. (ಗಿಡ ಒಣಗಿದ್ದಕ್ಕೆ!) ಮುಂದಿನ ವಾರವೇ ಬಂದು ಮತ್ತೆ ನೆಡುತ್ತಾರಂತೆ.

"ಈ ಸಲ ಮೇಲ್ಗಡೆ ಇರೋ ಹುಲ್ಲೂ ಕ್ಲೀನ್ ಮಾಡಿಸ್ಬಿಡ್ತೀವಿ ಮೇಡಂ," ಅಂದರು.

ಗಾಳಿಯನ್ನಾದರೆ ಆ ಹುಲ್ಲು ತಡೆಯುತ್ತದೆ, ಈ ಪುಣ್ಯಾತ್ಮರನ್ನು ತಡೆಯುವವರು ಯಾರು?