ಮೊಣಕಾಲು ನೋವಿನ ರಿಜಿಸ್ಟರ್

ಸರ್ಕಾರಿ ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿ ಹದಿನೆಂಟು ವರ್ಷದಿಂದ ಕೂತವನಿಗೆ ಊರವರಿಟ್ಟ ಹೆಸರು ಪಟಾಕಿ. ಕೋಪ ಮೂಗಿನ ತುದಿಯಲ್ಲೇ. ಸಾಲು ಮುರಿದವನು ಸ್ವಂತ ಭಾವಮೈದುನನಾದರೂ ಸರಿ, "ಹಿಂದೆ ಹೋಗಿ ನಿಲ್ಲಯ್ಯ!" ಎಂದು ಗದರಿಸದೆ ಬಿಟ್ಟವನಲ್ಲ.

ಭೂಕಂಪಕ್ಕೆ ಅರ್ಧ ಊರು ನೆಲಕಚ್ಚಿದ ಮೇಲೆ ಸರ್ಕಾರ ಏಳನೇ ಕೋಣೆಗೆ ಮನಸ್ಸಿನ ಡಾಕ್ಟರಮ್ಮನನ್ನು ಕಳಿಸಿತು. ಔಷಧಿಯೂ ಪುಕ್ಕಟೆ. ಜನರೇನೋ ಬಂದರು. ಆದರೆ ಕಿಟಕಿಯ ಹತ್ತಿರ ಬಗ್ಗಿ, "ಅಣ್ಣಾ, ಮನಸ್ಸಿಂದು ಅಂತ ಬರೀಬೇಡ. ಹುಚ್ಚು ಅಂತಾರೆ" ಎಂದು ಗೋಗರೆಯುತ್ತಿದ್ದರು. ಪಟಾಕಿ ಗುರ್ರೆನ್ನುತ್ತಲೇ ಚೀಟಿಯ ಮೇಲೆ ಏಳು ಎಂದು ಗೀಚಿ, ರಿಜಿಸ್ಟರಿನಲ್ಲಿ 'ಮೊಣಕಾಲು ನೋವು' ಎಂದು ಬರೆಯುತ್ತಿದ್ದ. ತನ್ನ ಅಕ್ಕನಿಗೂ ಹಾಗೇ ಬರೆದಿದ್ದ. ಎಲ್ಲಿ ಮತ್ತೆ ಓಡಬೇಕಾಗುತ್ತದೋ ಎಂದು ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದ ಅಕ್ಕ, ಆ ಕೋಣೆಗೆ ಆರು ತಿಂಗಳು ಹೋದ ಮೇಲೆ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟಳು.

ಒಂದು ಬೆಳಿಗ್ಗೆ ದೊಡ್ಡ ಕಚೇರಿಯಿಂದ ಲೆಕ್ಕದ ಸಾಹೇಬರು ಬಂದು ರಿಜಿಸ್ಟರು ತಿರುವಿದರು.

"ಎರಡು ವರ್ಷಕ್ಕೆ ಮನಸ್ಸಿನ ರೋಗಿಗಳು ಒಂಬತ್ತೇ ಜನ! ಇದಕ್ಕೊಬ್ಬ ಡಾಕ್ಟರು, ಒಬ್ಬ ನರ್ಸು. ದಂಡದ ಖರ್ಚು. ಮುಂದಿನ ತಿಂಗಳು ಕೋಣೆ ಮುಚ್ಚಿ, ಇಷ್ಟೊಂದು ಮೊಣಕಾಲು ನೋವಿಗೆ ಮೂಳೆ ಡಾಕ್ಟರನ್ನ ಕಳಿಸ್ತೀವಿ."

ಪಟಾಕಿಗೆ ಅಕ್ಕನ ಚಪ್ಪಲಿ ಕಣ್ಣ ಮುಂದೆ ಬಂತು.

"ಸಾರ್, ಆ ಮೊಣಕಾಲೆಲ್ಲ ಮನಸ್ಸೇ. ಬರೆದೋನು ನಾನು."

"ಸರ್ಕಾರಿ ದಾಖಲೇಲಿ ಸುಳ್ಳು ಬರೆದ್ರಾ?"

"ಬರೆದೆ. ನನ್ನ ಕೆಲಸ ಹೋದ್ರೆ ಹೋಗ್ಲಿ. ಕೋಣೆ ಮುಚ್ಚಿದ್ರೆ ನಾಳೆ ಇವರೇ ಎದೆನೋವು, ಹೊಟ್ಟೆನೋವು ಅಂತ ಬರ್ತಾರೆ. ಒಬ್ಬೊಬ್ಬರಿಗೂ ಸ್ಕ್ಯಾನು, ಹಾಸಿಗೆ, ಡ್ರಿಪ್ಪು. ಆ ದುಡ್ಡೇನು ಆಕಾಶದಿಂದ ಉದುರುತ್ತಾ?"

"ಬಾಯಿಮಾತು ಬೇಡ. ಯಾರ್ಯಾರು, ತೋರ್ಸಿ."

ಕಿಟಕಿಯ ಎದುರಿನ ಬೆಂಚುಗಳ ಮೇಲೆ ಮೂವತ್ತು ಜನ ತಲೆ ತಗ್ಗಿಸಿ ಕೂತಿದ್ದರು. ಬೆರಳು ತೋರಿಸುವಂತಿಲ್ಲ, ಮಾತು ಕೊಟ್ಟಾಗಿದೆ. ಪಟಾಕಿ ಹೊಸ ಹಾಳೆ ತಿರುವಿ ಮೊದಲ ಸಾಲಿನಲ್ಲಿ ತನ್ನ ಹೆಸರನ್ನೇ ಬರೆದ. ಕಾಯಿಲೆ: ಮನಸ್ಸು.

"ಅಕ್ಕನ್ನ ಬಾಗಿಲ ತನಕ ಬಿಟ್ಟು ಬರ್ತಿದ್ದೆ, ಸಾರ್. ಒಳಗೆ ಹೋಗೋಕೆ ನನಗೂ ನಾಚಿಕೆ. ಲಾರಿ ಹೋದ್ರೆ ಇವತ್ತಿಗೂ ಮೇಜಿನ ಕೆಳಗೆ ನುಗ್ತೀನಿ."

ಬೆಂಚಿನಿಂದ ಬಟ್ಟೆ ಹೊಲಿಯುವ ಅಜ್ಜಿ ಎದ್ದಳು. ಸೆರಗು ಸಿಕ್ಕಿಸಿ, ಸಾಹೇಬರ ಮುಂದೆ ಎರಡು ಸಲ ಕುಕ್ಕರಗಾಲಲ್ಲಿ ಕೂತು ಎದ್ದಳು.

"ನೋಡಪ್ಪ, ಕಬ್ಬಿಣದಂಥ ಮೊಣಕಾಲು! ಏ ಪಟಾಕಿ, ನಂದೂ ತಿದ್ದೋ."

ಬೆಂಚೆಲ್ಲ ಘೊಳ್ಳೆಂದು ನಕ್ಕಿತು. ಬಡಗಿ ಎದ್ದ, ಟೀಚರಮ್ಮ ಎದ್ದರು, ಬಸ್ ಕಂಡಕ್ಟರ್ ಎದ್ದ. ಸಾಹೇಬರು ಕುರ್ಚಿ ಎಳೆದುಕೊಂಡು ಕೂತು, ತಿದ್ದಿದ ಒಂದೊಂದು ಸಾಲಿನ ಪಕ್ಕದಲ್ಲೂ ತಾವೇ ಸಹಿ ಹಾಕತೊಡಗಿದರು. ಕೋಣೆ ಮುಚ್ಚುವ ಕಾಗದ ಮಡಚಿ ಚೀಲ ಸೇರಿತು.

ಅಷ್ಟರಲ್ಲಿ ಕಂಡಕ್ಟರ್ ಬಡಗಿಯನ್ನು ತಳ್ಳಿಕೊಂಡು ಮುಂದೆ ನುಗ್ಗಿದ.

"ಹಿಂದೆ ಹೋಗಿ ನಿಲ್ಲಯ್ಯ!" ಪಟಾಕಿ ಸಿಡಿದ. "ಮೊದಲ ನಂಬರ್ ನಂದು, ಆಮೇಲೆ ಅಜ್ಜೀದು!"